ಹಿತ್ತಲ ತೊಟ್ಟಿ, ಹನ್ನೆರಡು ವರ್ಷದ ಹೂಳು

ನಮ್ಮನೆ ಅಡ್ರೆಸ್ ಹೇಳೋದು ಯಾವತ್ತೂ ಕಷ್ಟ ಆಗಿಲ್ಲ. ಬಳ್ಳಾರಿಯ ಮೋಕಾ ರೋಡಿಗೆ ಬಂದು ಯಾವ ಬೀಡಾ ಅಂಗಡೀಲಿ ನಿಂತು "ಸ್ವಿಮ್ಮಿಂಗ್ ಪೂಲ್ ಮನೆ ಯಾವ್ದು" ಅಂತ ಕೇಳಿದ್ರೂ ಕೈ ತೋರಿಸ್ತಾರೆ, ಜೊತೆಗೆ ಒಂದು ನಗೂನೂ ನಗ್ತಾರೆ. 2013ರಲ್ಲಿ ಮದುವೆಯಾಗಿ ಕೊಪ್ಪಳದಿಂದ ಬಂದಾಗ ಆ ನಗು ಯಾಕೆ ಅಂತ ನಂಗೆ ಗೊತ್ತಿರ್ಲಿಲ್ಲ, ಹಿತ್ತಲ ಬಾಗಿಲು ತೆಗೆದ ದಿನ ಗೊತ್ತಾಯ್ತು. ಇಪ್ಪತ್ನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಗುಂಡಿ. ತಳದಲ್ಲಿ ಪಾಲಕ್ ಸಾರಿನ ಬಣ್ಣದ ನೀರು, ಅದರ ಮೇಲೆ ತೇಲ್ತಾ ಒಂದು ಕೂಲರ್ ಡಬ್ಬ, ಮೂಲೇಲಿ ಮುಳುಗಿದ ಪ್ಲಾಸ್ಟಿಕ್ ಕುರ್ಚಿಯ ನಾಲ್ಕು ಕಾಲು ಮೇಲಕ್ಕೆ. ಮನೇಲಿ ಯಾರೂ ಅದಕ್ಕೆ ಸ್ವಿಮ್ಮಿಂಗ್ ಪೂಲ್ ಅನ್ನಲ್ಲ, "ತೊಟ್ಟಿ" ಅಂತಾರೆ. ಈಜುಕೊಳ ಅನ್ನೋದು ಪೇಪರಿನೋರಿಗೆ ಮಾತ್ರ.

ಕಟ್ಸಿದ್ದು ನಮ್ಮ ಮಾವಾರು, 2007ರಲ್ಲಿ. ಆಗ ಅವರವು ನಾಲ್ಕು ಟಿಪ್ಪರು ಸಂಡೂರಿನ ಕಡೆಯಿಂದ ರೈಲ್ವೆ ಸೈಡಿಂಗಿಗೆ ಅದಿರು ಹೊಡೀತಿದ್ವು. ಚೀನಾದೋರು ಒಲಿಂಪಿಕ್ಸಿಗೆ ಸ್ಟೇಡಿಯಂ ಕಟ್ತಿದ್ರು, ಇಲ್ಲಿ ನಮ್ಮ ಮಾವಾರು ತೊಟ್ಟಿ ಕಟ್ಟಿದ್ರು, ಎರಡೂ ಒಂದೇ ದುಡ್ಡಿಂದು ಅಂತ ನಮ್ಮನೇರು ತಮಾಷೆ ಮಾಡ್ತಿರ್ತಾರೆ (ಅವರಪ್ಪ ಎದುರಿಗಿಲ್ಲದಾಗ). ಆ ಟೈಮಲ್ಲಿ ಊರಲ್ಲಿ ಯಾರ್ಯಾರು ಏನೇನು ಕಟ್ಸಿದ್ರು ಅಂತ ಬಳ್ಳಾರಿಯೋರಿಗೆ ನಾನು ಹೇಳೋದೇನಿದೆ, ಅದ್ರ ಮುಂದೆ ನಮ್ಮದು ಲೆಕ್ಕಕ್ಕೇ ಬರಲ್ಲ. 2011 ಜುಲೈ 29ಕ್ಕೆ ಸುಪ್ರೀಂ ಕೋರ್ಟು ಜಿಲ್ಲೇಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಟಿಪ್ಪರು ನಿಂತಲ್ಲೇ ನಿಂತ್ವು, ಕಂತು ಮಾತ್ರ ನಿಲ್ಲಲಿಲ್ಲ. ಮೂರನ್ನ ಫೈನಾನ್ಸಿನೋರು ಎಳ್ಕೊಂಡು ಹೋದ್ರು, ಒಂದನ್ನ ಇವರೇ ಬಂದಷ್ಟಕ್ಕೆ ಮಾರಿದ್ರು. ಮನೇಲಿ ಮೊದಲು ಬಂದ್ ಆಗಿದ್ದು ತೊಟ್ಟಿಯ ಮೋಟ್ರು. ಆಮೇಲೆ ಮಾವಾರು ಇದ್ದ ನಾಲ್ಕೆಕರೆ ಮೆಣಸಿನಕಾಯಿ ನೋಡ್ಕೊಂಡು ಸುಮ್ನಾಗಿಬಿಟ್ರು, ಹಿತ್ತಲ ಕಡೆ ಹೋಗೋದನ್ನೇ ಬಿಟ್ರು. ಹತ್ತು ವರ್ಷದಲ್ಲಿ ಅವರ ಬಾಯಲ್ಲಿ "ತೊಟ್ಟಿ" ಅನ್ನೋ ಮಾತು ನಾನು ಕೇಳಿದ್ದು ಒಂದೋ ಎರಡೋ ಸಲ.

ಕೆಲಸ ಶುರುವಾಗಿದ್ದು ಸೊಳ್ಳೆಯಿಂದ. 2023ರಲ್ಲಿ ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆ ಬಂದು ಬಿಳಿ ಸೌಟಲ್ಲಿ ಒಂದು ಸೌಟು ನೀರೆತ್ತಿ ನನ್ನ ಮುಖಕ್ಕೆ ಹಿಡಿದ್ರು, ಅದ್ರಲ್ಲಿ ಕೊಂಕು ಕೊಂಕು ಹುಳ, ತಲೆಕೆಳಗಾಗಿ ನೇತಾಡ್ತಾ. "ನೀವೇ ಟೀಚರು, ಮಕ್ಕಳಿಗೆ ಡೆಂಗಿ ಪಾಠ ಮಾಡೋರು" ಅಂದ್ರು. ಮಣ್ಣು ಹೊಕ್ಕಂಗಾಯ್ತು. ನಾನು ಹೈಸ್ಕೂಲಲ್ಲಿ ಗಣಿತ ಹೇಳೋಳು, ಆದ್ರೂ ಮಾತು ಮಾತೇ. ಆವತ್ತಿಗೆ ಸೊಳ್ಳೆ ಮರಿ ತಿನ್ನೋ ಗ್ಯಾಂಬೂಸಿಯಾ ಮೀನು ತಂದು ಬಿಟ್ಟು ಹೋದ್ರು, "ಮುಚ್ಚಿಸಿ, ಇಲ್ಲಾ ಸರಿ ಮಾಡ್ಸಿ" ಅಂತ ಹೇಳಿ.

ಮುಚ್ಚಿಸೋಣ ಅಂತ್ಲೇ ಮೊದಲು ಲೆಕ್ಕ ಹಾಕಿದ್ದು. ಒಂದ್ಕಡೆ ಮೂರಡಿ ಇನ್ನೊಂದ್ಕಡೆ ಐದಡಿ ಆಳ, ಸರಾಸರಿ ನಾಲ್ಕು, ಅಂದ್ರೆ 1152 ಘನ ಅಡಿ, ಹನ್ನೊಂದೂವರೆ ಬ್ರಾಸ್ ಮಣ್ಣು. ಮಾವಾರನ್ನ ಕೇಳಿದ್ರೆ ಪೇಪರಿಂದ ಕಣ್ಣೆತ್ತದೇ "ಮುಚ್ಚಿಬಿಡ್ರಿ" ಅಂದ್ರು. ಅದನ್ನ ಕೇಳಿಸ್ಕೊಂಡ ನನ್ನ ಮಗಳು ಎರಡು ದಿನ ಊಟ ಬಿಟ್ಟಳು, ಅದಕ್ಕೆ ಅಂತಲ್ಲ, ನಂಗೂ ಯಾಕೋ ಮನಸ್ಸು ಬರ್ಲಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮಿಗಳು ನಿಂತು ಹಿರೇಹಳ್ಳ ಸ್ವಚ್ಛ ಮಾಡಿಸಿದ್ದನ್ನ ತವರಿಗೆ ಹೋದಾಗೆಲ್ಲ ನೋಡ್ತೀನಿ, ಅಂಥ ಹಳ್ಳಾನೇ ಎದ್ದು ಬಂತಂತೆ, ಇದೊಂದು ತೊಟ್ಟಿ ಏನು ಮಹಾ ಅನ್ನೋ ಹುಂಬತನ. ಬೆಂಗಳೂರಿನ ಒಂದು ಕಂಪನಿಯೋರು ವಿಡಿಯೋ ಕಾಲಲ್ಲೇ ನೋಡಿ ನಾಲ್ಕೂವರೆ ಲಕ್ಷ ಅಂದ್ರು, ಫೋನ್ ಇಟ್ಟೆ. ನಮ್ಮ ಏರಿಯಾದ ಗೌಂಡೀನ ಕರೆಸಿದ್ವಿ.

ಡಿಸೆಂಬರಲ್ಲಿ ನೀರು ಎತ್ತಿದ್ವಿ. ಮೀನು ಅಷ್ಟೊತ್ತಿಗೆ ನೂರಾರಾಗಿದ್ವು, ಅವನ್ನ ಕೆರೆಗೆ ಬಿಡಬಾರದು, ಅಲ್ಲಿರೋ ನಾಟಿ ಮೀನಿನ ಮೊಟ್ಟೆ ಮರಿ ತಿಂದು ಹಾಕ್ತಾವೆ ಅಂತ ಹೇಳಿದ್ರಿಂದ ಬಕೆಟಲ್ಲಿ ತುಂಬಿ ಆಶಾ ಅಕ್ಕನಿಗೇ ವಾಪಸ್ ಕೊಟ್ವಿ. ನೀರು ಹೋದ ಮೇಲೆ ಕಂಡಿದ್ದು ಹೂಳು. ಟಿಬಿ (ತುಂಗಭದ್ರಾ) ಡ್ಯಾಮಲ್ಲಿ ಕಟ್ಟಿದಾಗ 133 ಟಿಎಂಸಿ ಹಿಡಿಸ್ತಿತ್ತು, ಹೂಳು ತುಂಬಿ ಈಗ 105.788 ಅಂತ ಪೇಪರಲ್ಲಿ ಓದಿ ಓದಿ ನಮಗೆಲ್ಲ ಬಾಯಿಪಾಠ ಅಲ್ವಾ, ನಮ್ಮ ತೊಟ್ಟೀಲಿ ಆಳದ ಕಡೆ ಒಂದೂವರೆ ಅಡಿ. ಅದನ್ನ ಸಲಿಕೆಯಲ್ಲಿ ಕತ್ತರಿಸಿದ್ರೆ ಹುಡುಗರ ಭೂಗೋಳ ಪುಸ್ತಕದ ಚಿತ್ರದಂಗೆ ಪದರ ಪದರ: ಮೇಲೆ ಕರೀ ಕೊಳೆ, ಬೇವಿನೆಲೆ, ಮಧ್ಯೆ ಎರೆಮಣ್ಣು, ಎಲ್ಲಕ್ಕಿಂತ ಕೆಳಗೆ ಬೆರಳು ದಪ್ಪ ಕೆಂಪು ಧೂಳು, ಮುಟ್ಟಿದ್ರೆ ಅಂಗೈಯಲ್ಲಿ ಕುಂಕುಮದಂಗೆ ಕೂರ್ತಿತ್ತು. ಅದಿರಿನ ಲಾರಿ ಓಡ್ತಿದ್ದಾಗಿಂದು. ನಾನು ಅದನ್ನ ಒಂದು ಸ್ಟೀಲ್ ಡಬ್ಬೀಲಿ ತೆಗೆದಿಟ್ಟಿದೀನಿ, ಯಾಕೆ ಅಂತ ಕೇಳ್ಬೇಡಿ.

ಎರಡೂವರೆ ಟ್ರೇಲರ್ ಹೂಳು ಹೋಯ್ತು. ಹದಿನಾಲ್ಕು ಕ್ರಿಕೆಟ್ ಬಾಲು ಸಿಕ್ವು, ಓಣಿ ಹುಡುಗರು ಬಂದು ಇದು ನಂದು ಅದು ನಂದು ಅಂತ ಜಗಳಾಡಿ ತಗೊಂಡು ಹೋದ್ರು, ಅದ್ರಲ್ಲಿ ಒಬ್ಬನಿಗೆ ಈಗ ಮೀಸೆ ಬಂದಿದೆ. ಅತ್ತೆಯ ಹಿತ್ತಾಳೆ ಚೊಂಬು ಸಿಕ್ಕಿತು, ಅದನ್ನ ಕದ್ದಳು ಅಂತ ಕೆಲಸದೋಳನ್ನ ಬಿಡಿಸಿದ್ರಂತೆ ಆವಾಗ. ಅತ್ತೆ ಚೊಂಬು ಹಿಡ್ಕೊಂಡು ಬಹಳ ಹೊತ್ತು ಕೂತಿದ್ರು. ಆಮೇಲೆ ತಳ ತೊಳೆದ್ರೆ ಎದ್ದು ಬಂದಿದ್ದು ನೀಲಿ ಮೊಸಾಯಿಕ್ ಟೈಲ್ಸಲ್ಲಿ ಬಿಡಿಸಿದ ಎರಡು ಡಾಲ್ಫಿನ್ನು! ಬಳ್ಳಾರಿಲಿ ಡಾಲ್ಫಿನ್ನು. ಒಂದಕ್ಕೆ ಕಣ್ಣಿನ ಟೈಲ್ ಬಿದ್ದೋಗಿತ್ತು. ಮಗಳು ಅದಕ್ಕೆ ಅಲ್ಲೇ ಹೆಸರಿಟ್ಟಳು, ಒಂಟಿಗಣ್ಣಿ.

ಬಿರುಕಿನ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ನಮ್ಮ ಕಡೆ ಯಾರಾದ್ರೂ ಇಂಥದ್ದಕ್ಕೆ ಕೈ ಹಾಕೋದಿದ್ರೆ ಉಪಯೋಗಕ್ಕೆ ಬರುತ್ತೆ. ನಮ್ಮದು ಎರೆ ನೆಲ. ಮಳೆ ಬಿದ್ರೆ ಉಬ್ಬುತ್ತೆ, ಬೇಸಿಗೇಲಿ ಕೈ ತೂರಿಸೋ ಅಷ್ಟು ಬಾಯಿ ಬಿಡುತ್ತೆ. ತೊಟ್ಟಿ ತುಂಬಿದ್ದಾಗ ಒಳಗಿನ ನೀರು ಗೋಡೇನ ಹೊರಕ್ಕೆ ಒತ್ತಿ ಹಿಡ್ದಿರುತ್ತೆ, ಖಾಲಿ ಬಿಟ್ರೆ ಹೊರಗಿನ ಮಣ್ಣಿಗೆ ಎದುರು ನಿಲ್ಲೋರಿಲ್ಲ, ಗೋಡೆ ಒಳಕ್ಕೆ ತಳ್ಳಿಸ್ಕೊಳ್ಳುತ್ತೆ. ಹಂಗಾಗಿ ಉದ್ದದ ಗೋಡೇಲಿ ಮೂಲೆಯಿಂದ ಓರೆಯಾಗಿ ಆರಡಿ ಬಿರುಕು. ನಾನು ಸಿಮೆಂಟು ಬಳಿದು ಮುಗಿಸೋಣ ಅಂದ್ರೆ ಗೌಂಡಿ ಒಪ್ಪಲಿಲ್ಲ. "ಅಕ್ಕೋರೆ, ಬಿರುಕು ಸತ್ತೈತೋ ಜೀವಂತ ಐತೋ ಮೊದ್ಲು ನೋಡ್ಬೇಕು" ಅಂತ ಕಿಟಕಿ ಗಾಜಿನ ಮೂರು ಪಟ್ಟಿ ಕತ್ತರಿಸಿ ಬಿರುಕಿಗೆ ಅಡ್ಡ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಲ್ಲಿ ತಾರೀಖು ಬರೆದ. ಗೋಡೆ ಕೂದಲೆಳೆಯಷ್ಟು ಅಲುಗಾಡಿದ್ರೂ ಗಾಜು ಸಿಡೀಬೇಕು. ಹೆಂಗೂ 2023 ಬರಗಾಲದ ವರ್ಷ, ತುಂಬಿಸಕ್ಕೆ ನೀರೂ ಇರ್ಲಿಲ್ಲ, ಜನವರಿಯಿಂದ ಮೇ ಕೊನೆ ತನಕ ಬಿಟ್ವಿ. ಆ ಬೇಸಿಗೆ ಬಿಸಿಲಿಗೂ ಗಾಜು ಸಿಡೀಲಿಲ್ಲ. ಆಮೇಲೆ ಬಿರುಕನ್ನ ಗ್ರೈಂಡರಲ್ಲಿ ವಿ ಆಕಾರಕ್ಕೆ ಕೊಯ್ದು, ಕುಗ್ಗದ ಗ್ರೌಟು ತುಂಬಿ, ಎರಡು ಕೋಟು ವಾಟರ್‌ಪ್ರೂಫಿಂಗ್ ಒಂದಕ್ಕೊಂದು ಅಡ್ಡಡ್ಡ ಬಳಿದು ಟೈಲ್ಸ್ ಕೂರಿಸಿದ. ಸುತ್ತ ಮೂರಡಿ ಕಾಂಕ್ರೀಟ್ ಹಾಸಿ ಇಳಿಜಾರು ಕೊಟ್ಟ, ಮಳೆ ನೀರು ತೊಟ್ಟಿ ಬುಡದ ಎರೆಮಣ್ಣಿಗೆ ಇಳೀಬಾರ್ದು ಅಂತ. ಇಂಜಿನಿಯರಿಂಗ್ ಕಾಲೇಜು ಮೆಟ್ಟಿಲು ಹತ್ತದ ಮನುಷ್ಯ, ಇಷ್ಟೂ ಕೆಲಸದಲ್ಲಿ ಒಂದು ಮಾತು ತಪ್ಪು ಹೇಳ್ಲಿಲ್ಲ.

ತಪ್ಪು ಮಾಡಿದ್ದು ನಾನು. ಟೈಲ್ಸ್ ಮೇಲೆ ಬೋರ್ ನೀರಿನ ಬಿಳೀ ಸುಣ್ಣದ ಪದರ ಕೂತಿತ್ತು, ಅದನ್ನ ಆಸಿಡ್ಡಲ್ಲೇ ತೆಗೀಬೇಕು. ಹತ್ತು ಪಾಲು ನೀರು, ಅದಕ್ಕೆ ಒಂದು ಪಾಲು ಆಸಿಡ್, ಯಾವಾಗ್ಲೂ ನೀರಿಗೇ ಆಸಿಡ್ ಹಾಕ್ಬೇಕು, ಆಸಿಡ್ಡಿಗೆ ನೀರು ಸುರಿದ್ರೆ ಸಿಡಿಯುತ್ತೆ, ಇದನ್ನೆಲ್ಲ ಕೆಲಸದ ಹುಡುಗನಿಗೆ ಪಾಠ ಮಾಡಿ ಹೇಳಿದ್ದು ನಾನೇ. ಮಧ್ಯಾಹ್ನ ಊಟ ಆದ್ಮೇಲೆ ಮೂಲೇಲಿದ್ದ ಬಕೆಟಲ್ಲಿ ಬರೀ ನೀರಿದೆ ಅಂದ್ಕೊಂಡು ಪಾಚಿ ಜಾಗಕ್ಕೆ ಅಂತ ಎರಡು ಮುಷ್ಟಿ ಬ್ಲೀಚಿಂಗ್ ಪೌಡರ್ ಹಾಕಿದ್ದೂ ನಾನೇ. ಬುಸ್ ಅಂತ ಹಳದಿ ಹಸಿರು ಹೊಗೆ ಎದ್ದಿತು. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಲ್ಲೇ ನಿಲ್ಲುತ್ತೆ, ನಾನು ನಿಂತಿದ್ದು ಐದಡಿ ತಗ್ಗಲ್ಲಿ. ಹುಡುಗ ರಟ್ಟೆ ಹಿಡಿದು ಮೇಲೆ ಎಳ್ಕೊಂಡ. ಅವತ್ತು ರಾತ್ರಿಯೆಲ್ಲ ಕೆಮ್ಮು, ಡಾಕ್ಟರು ನೆಬುಲೈಸರ್ ಹಾಕಿ ಬೈದ್ರು. ಆ ಬಕೆಟಿಗೆ ಈಗ ಕೆಂಪು ಪೇಂಟು ಹೊಡ್ದಿದೀನಿ, ಆಸಿಡ್ಡು ಒಂದು ರೂಮಲ್ಲಿ, ಬ್ಲೀಚಿಂಗ್ ಇನ್ನೊಂದು ರೂಮಲ್ಲಿ.

ಫಿಲ್ಟರಿಂದು ಹೆಚ್ಚೇನಿಲ್ಲ, ಒಳಗಿನ ಮರಳು ಸುಣ್ಣಕ್ಕೆ ಕಲ್ಲಾಗಿತ್ತು, ಉಳಿ ಹೊಡೆದು ತೆಗೆದು ಹೊಸ ಸಿಲಿಕಾ ಮರಳು ತುಂಬಿದ್ವಿ, ಮೋಟ್ರು ರೀವೈಂಡಿಂಗ್ ಆಯ್ತು.

ಇನ್ನು ನೀರು. ತೊಟ್ಟಿಗೆ ಹಿಡಿಸೋದು ಹತ್ತತ್ರ 32,600 ಲೀಟರು. ನಲ್ಲಿ ನೀರಿಗೆ ನಾವೂ ವಾರಗಟ್ಲೆ ಕಾಯೋರೇ, ಅದ್ರಲ್ಲಿ ಒಂದು ಚೊಂಬೂ ಇದಕ್ಕೆ ಹಾಕಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಆದ್ರೂ ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ "ಜನಕ್ಕೆ ಕುಡ್ಯಾಕ ನೀರಿಲ್ಲ, ಇವರಿಗೆ ಈಜ್ಯಾಡಾಕ ಬೇಕಂತೆ" ಅಂದಿದ್ದು ಕಿವಿಗೆ ಬಿತ್ತು. ಏನು ಹೇಳೋದು, ಆ ಮಾತಲ್ಲಿ ಸುಳ್ಳಿಲ್ಲ. ಮಾವಾರು ಹತ್ತು ವರ್ಷ ಹಿತ್ತಲಿಗೆ ಹೋಗದೇ ಇದ್ದಿದ್ದು ಇಂಥ ಮಾತಿಗೇ ಇರ್ಬೇಕು ಅಂತ ಆವಾಗ ಅನ್ನಿಸ್ತು. ಮಾಳಿಗೆ ನೀರು ಇಳಿಸೋಣ ಅಂತ ಮಾಡಿದ್ವಿ. ನಮ್ಮ ಮಾಳಿಗೆ 1200 ಚದರ ಅಡಿ, ಒಂದು ಮಿಲಿಮೀಟರ್ ಮಳೆಗೆ 110 ಲೀಟರು, ಅಂದ್ರೆ ಒಂದು ಇಂಚು ಒಳ್ಳೆ ಮಳೆಗೆ ಎರಡೂಮುಕ್ಕಾಲು ಸಾವಿರ. ಮೊದಲ ಐದು ನಿಮಿಷದ ಧೂಳಿನ ನೀರು ಹೊರಗೆ ಬಿಟ್ಟು ಆಮೇಲಿಂದ ಪೈಪು ತೊಟ್ಟಿಗೆ ತಿರುಗಿಸೋದು, ರಾತ್ರಿ ಗುಡುಗಿದ್ರೆ ನಮ್ಮನೇರು ಲುಂಗಿ ಎತ್ತಿ ಕಟ್ಕೊಂಡು ಛತ್ರಿ ಹಿಡಿದು ಓಡೋರು. ಜೂನ್ ಜುಲೈಲಿ ಅರ್ಧ ದಾಟಿತು, ಮಿಕ್ಕಿದ್ದಕ್ಕೆ ಬೋರ್ ನೀರಿನ ಮೂರು ಟ್ಯಾಂಕರು.

ತುಂಬಿತು, ಮಾರನೇ ದಿನ ನೋಡಿದ್ರೆ ಇಳಿದಿತ್ತು.

ಬಿಸಿಲಿಗೆ ಆರ್ತಿದೆಯೋ ಸೋರ್ತಿದೆಯೋ ಅಂತ ತಿಳಿಯಕ್ಕೆ ಒಂದು ಸುಲಭದ ಉಪಾಯ ಇದೆ. ಒಂದು ಬಕೆಟಿಗೆ ಅದೇ ನೀರು ತುಂಬಿ ತೊಟ್ಟಿಯ ಮೆಟ್ಟಿಲ ಮೇಲೆ ಇಡಿ, ಬಕೆಟ್ ಒಳಗೂ ತೊಟ್ಟಿ ಗೋಡೆಗೂ ನೀರಿನ ಮಟ್ಟಕ್ಕೆ ಗುರುತು ಹಾಕಿ, ಮೋಟ್ರು ಬಂದ್ ಮಾಡಿ ಒಂದು ದಿನ ಬಿಡಿ. ಬಿಸಿಲು ಇಬ್ಬರಿಗೂ ಒಂದೇ, ಮಳೆ ಬಂದ್ರೂ ಇಬ್ಬರಿಗೂ ಒಂದೇ. ನಮ್ಮ ಬಕೆಟ್ ಇಳಿದಿದ್ದು 7 ಮಿಲಿಮೀಟರ್, ತೊಟ್ಟಿ 41. ಅಂದ್ರೆ ದಿನಕ್ಕೆ ಒಂಬೈನೂರು ಲೀಟರಿನಷ್ಟು ಎಲ್ಲೋ ನೆಲ ಕುಡೀತಿತ್ತು! ನಾನು ಬಿರುಕಿನ ಮೇಲೇ ಅನುಮಾನ ಪಟ್ಟೆ, ಗೌಂಡಿ ಹಂಗಾಗಕ್ಕೆ ಸಾಧ್ಯಾನೇ ಇಲ್ಲ ಅಂತ ಆಣೆ ಮಾಡಿದ, ಇಬ್ಬರಿಗೂ ಜಗಳ ಆಯ್ತು, ನಾನು ಇಳಿದಷ್ಟೂ ನೀರು ತುಂಬ್ತಾ ಹೋದೆ.

ಅದು 2024 ಆಗಸ್ಟು. ಹತ್ತನೇ ತಾರೀಖು ರಾತ್ರಿ ಟಿಬಿ ಡ್ಯಾಮಿನ 19ನೇ ಗೇಟು ಚೈನ್ ಕಟ್ಟಾಗಿ ಕೊಚ್ಚಿ ಹೋಯ್ತಲ್ಲ, ಊರಿಗೆ ಊರೇ ಟಿವಿ ಮುಂದೆ. ಕಾಲುವೆ ನೀರು ನಂಬಿದ ಮೆಣಸಿನಕಾಯಿ ನಮ್ಮದು, ಮಾವಾರಿಗೆ ನಿದ್ದೆ ಇಲ್ಲ. 33 ಗೇಟಲ್ಲಿ ಒಂದು ಹೋದ್ರೆ ಅದನ್ನ ಕೂರಿಸಕ್ಕೆ ಡ್ಯಾಮಿನ ನೀರು ಅಷ್ಟೂ ಖಾಲಿ ಮಾಡ್ಬೇಕಾ ಅಂತ ಟಿವೀಲಿ ಚರ್ಚೆ ನಡೀತಿತ್ತು. ಮಾವಾರು ಚಾ ಲೋಟ ಕೆಳಗಿಟ್ಟು, ನನ್ನ ಕಡೆ ನೋಡದೇ, ಟಿವಿಗೇ ಹೇಳೋರ ಥರ ಅಂದ್ರು: "ತೊಟ್ಟೀದೂ ಅದೇ ಕತೆ. ನೀರು ಹಾಕ್ಬೇಡವ್ವ, ಸುಮ್ನೆ ಬಿಡು. ಎಲ್ಲಿಗೆ ಬಂದು ನಿಲ್ತೈತೆ ನೋಡು."

ಬಿಟ್ವಿ. ದಿನಾ ಇಳೀತು. ಅಲ್ಲಿ ನೀರು ಹರೀತಿದ್ದಂಗೇನೇ ಗೇಟಿನ ಜಾಗಕ್ಕೆ ಸ್ಟಾಪ್ ಲಾಗ್ ಅನ್ನೋ ಉಕ್ಕಿನ ಅಡ್ಡಹಲಗೆ ಇಳಿಸಿ ಡ್ಯಾಮ್ ಉಳಿಸಿದ್ರು, ಅದಾಗಿ ಎರಡು ದಿನಕ್ಕೆ ನಮ್ಮ ತೊಟ್ಟಿ ಇಳಿಯೋದೂ ನಿಂತಿತು. ಎಲ್ಲಿ? ಗೋಡೇಲಿರೋ ಲೈಟಿನ ಕೆಳಗಿನ ಅಂಚಿಗೆ ಸರಿಯಾಗಿ.

ಸಂಜೆ ಮಾವಾರು ತಾವಾಗೇ ಹಿತ್ತಲಿಗೆ ಬಂದ್ರು. ಪಂಚೆ ಮೇಲಕ್ಕೆ ಕಟ್ಟಿ, ಮೆಟ್ಟಿಲು ಇಳಿದು, ನೀರಲ್ಲಿ ಮೊಣಕಾಲ ತನಕ ನಿಂತು, "ಕೇಸರಿಬಾತಿಗೆ ಹಾಕೋ ಬಣ್ಣ ತಗೊಂಬಾ, ಮಗೀಗೆ ಔಷಧಿ ಹಾಕೋ ಸಿರಿಂಜೂ ತಾ" ಅಂದ್ರು. ನಾಲ್ಕು ಬಕೆಟ್ ನೀರು ಹಾಕಿಸಿ ಮಟ್ಟ ಒಂಚೂರು ಏರಿಸ್ಕೊಂಡ್ರು. ನೀರು ಅಲುಗಾಡೋದು ನಿಲ್ಲೋ ತನಕ ಉಸಿರು ಬಿಗಿ ಹಿಡ್ದೋರ ಥರ ನಿಂತಿದ್ದು, ಲೈಟಿನ ಸ್ಟೀಲ್ ಬಳೆ ಹತ್ರ ಸಿರಿಂಜ್ ಹಿಡಿದು ಒಂದೇ ಹನಿ ಬಿಟ್ರು. ಬಣ್ಣ ಹರಡಲಿಲ್ಲ. ಸೂಜಿಗೆ ಪೋಣಿಸೋ ದಾರದಂಗೆ ಸಣ್ಣಗಾಗಿ, ಬಳೆಯ ಸಂದಿಗೆ ನೆಟ್ಟಗೆ ಒಳಗೆ ಹೋಯ್ತು. ಮಗಳು ಹೋ ಅಂತ ಕೂಗಿದಳು.

ಲೈಟಿನ ಹಿಂದೆ ವೈರು ಹೋಗೋ ಪೈಪಿರುತ್ತೆ, ಅದ್ರ ಬಾಯಿ ಮುಚ್ಚದಿದ್ರೆ ನೀರು ಆ ಪೈಪ್ ಹಿಡ್ಕೊಂಡು ಮಣ್ಣಿಗೆ ಹೋಗುತ್ತೆ. 2009ರಲ್ಲೇ ಮಾವಾರು ಇದನ್ನ ಕಂಡುಹಿಡಿದು ಪುಟ್ಟಿ ಮೆತ್ತಿದ್ರಂತೆ, ಖಾಲಿ ಬಿದ್ದ ವರ್ಷಗಳಲ್ಲಿ ಬಿಸಿಲಿಗೆ ಒಣಗಿ ಬಿಟ್ಕೊಂಡಿದೆ. "ಮೊದ್ಲೇ ಯಾಕೆ ಹೇಳ್ಲಿಲ್ಲ ಮಾವ" ಅಂದೆ. "ನೀವ್ಯಾರು ಕೇಳಿದ್ರಿ?" ಅಂದ್ರು. ನಿಜ, ಕಂಪನಿಯೋರನ್ನ ಕೇಳಿದ್ವಿ, ಗೌಂಡೀನ ಕೇಳಿದ್ವಿ, ಯೂಟ್ಯೂಬ್ ಕೇಳಿದ್ವಿ. ಗೌಂಡಿಗೆ ಆವತ್ತೇ ಫೋನ್ ಮಾಡಿ ತಪ್ಪಾಯ್ತಪ್ಪಾ ಅಂದೆ, "ಇರ್ಲಿ ಬಿಡ್ರಿ ಅಕ್ಕೋರೆ" ಅಂದ. ಹಳೇ ವೈರು ಪೂರ್ತಿ ಕಿತ್ತು ಪೈಪಿನ ಬಾಯಿ ಬಂದ್ ಮಾಡಿದ್ವಿ, ನೀರೊಳಗೆ ಲೈಟೇ ಬೇಡ ಅಂತ ಬಿಟ್ವಿ, ಮೋಟ್ರಿನ ಲೈನಿಗೂ ಕರೆಂಟು ಸೋರಿದ್ರೆ ಟ್ರಿಪ್ಪಾಗೋ 30 ಮಿಲಿಆಂಪ್ ಬ್ರೇಕರ್ ಹಾಕ್ಸಿದ್ವಿ.

ಸೆಪ್ಟೆಂಬರ್ ಮಳೆಗೆ ಮತ್ತೆ ತುಂಬಿತು, ಈ ಸಲ ನಿಂತಿತು. ಕ್ಲೋರಿನ್ ಲೆಕ್ಕ ನಾನೇ ಹಾಕ್ದೆ: ನಮ್ಮಷ್ಟು ನೀರಿಗೆ 1 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲು ಕ್ಲೋರಿನ್) ಏರಿಸಕ್ಕೆ ನೂರು ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು, ಮೊದಲ ಸಲ ಪಾಚಿ ಸಾಯಕ್ಕೆ 10 ಪಿಪಿಎಂ, ಅಂದ್ರೆ ಒಂದು ಕೆಜಿ. ರಾತ್ರಿ ಕರಗಿಸಿ ತಿಳಿ ಹಾಕಿ ಮಲಗಿದ್ವಿ, ಬೆಳಿಗ್ಗೆ ಎದ್ದು ನೋಡಿದ್ರೆ ತೊಟ್ಟಿ ತುಂಬ ಚಾ. ಹಾಲು ಹಾಕದ ಚಾ. ಮಗಳು ಅಳೋದೊಂದೇ ಬಾಕಿ. ಟ್ಯಾಂಕರ್ ನೀರಲ್ಲಿ ಕರಗಿದ್ದ ಕಬ್ಬಿಣ ಕ್ಲೋರಿನ್ ಸಿಕ್ಕಿದ ತಕ್ಷಣ ತುಕ್ಕಾಗಿ ಹೊರಗೆ ಬರುತ್ತೆ, ಕಣ್ಣಿಗೆ ಕಾಣೋ ತನಕ ಕಬ್ಬಿಣ ಇದೆ ಅಂತ್ಲೇ ಗೊತ್ತಾಗಲ್ಲ. ಮಾವಾರು ದಂಡೆ ಮೇಲೆ ನಿಂತು ನೋಡಿ ಬಹಳ ವರ್ಷದ ಮೇಲೆ ಜೋರಾಗಿ ನಕ್ಕರು: "ಸುಪ್ರೀಂ ಕೋರ್ಟಿಗೆ ಹೇಳ್ಬೇಡವ್ವ, ಇಲ್ಲೂ ಅದಿರು ಬಂದೈತೆ."

ಅದಕ್ಕೆ ಪಟಿಕ. ನಮ್ಮಜ್ಜಿ ಮಣ್ಣಿನ ಗಡಿಗೇಲಿ ಹೊಳೆ ನೀರಿಗೆ ತಿರುಗಿಸ್ತಿದ್ದಳಲ್ಲ, ಅದೇ. ಒಂದು ಕೆಜಿಗೆ ಸ್ವಲ್ಪ ಕಮ್ಮಿ ಕರಗಿಸಿ ಸುತ್ತ ಚೆಲ್ಲಿ, ಮೋಟ್ರು ಬಂದ್ ಮಾಡಿ, ರಾತ್ರಿಯೆಲ್ಲ ಯಾರೂ ನೀರು ಮುಟ್ಟಬಾರ್ದು ಅಂತ ಕಟ್ಟಪ್ಪಣೆ. ಬೆಳಿಗ್ಗೆ ಆರಕ್ಕೆ ಹೋದ್ರೆ ತಳದಲ್ಲಿ ಕಂದು ಬಣ್ಣದ ತೆಳು ಕಂಬಳಿ, ಅದರ ಮೇಲೆ ಗಾಜಿನಂಥ ನೀರು. ಆ ಕೆಸರನ್ನ ಫಿಲ್ಟರಿಗೆ ಬಿಡದೇ ನೇರ ಹೊರಕ್ಕೆ ಎಳೆದ್ವಿ. ಎಳೀತಾ ಎಳೀತಾ ಒಂಟಿಗಣ್ಣಿ ಕಂಡಳು, ಬಾಲದಿಂದ ಶುರುವಾಗಿ.

ಒಟ್ಟು ಖರ್ಚು ಒಂದು ಲಕ್ಷ ನಲವತ್ತು ಸಾವಿರ, ಅಷ್ಟು ಆಗಬಾರ್ದಿತ್ತು ಅಂತ ಈಗ್ಲೂ ಅನ್ಸುತ್ತೆ. ಬೇಸಿಗೇಲಿ ಹಗಲು ಟಾರ್ಪಾಲು ಮುಚ್ತೀವಿ, ಇಲ್ಲಾಂದ್ರೆ ಬಿಸಿಲೇ ದಿನಕ್ಕೆ ಹತ್ತಿಪ್ಪತ್ತು ಕೊಡ ಕುಡಿಯುತ್ತೆ. ಪಕ್ಕದ ಮನೆ ಅಜ್ಜಿಯ ಮೊಮ್ಮಗ ವಾರಕ್ಕೆ ಮೂರು ದಿನ ಬರ್ತಾನೆ, ಮಾವಾರು ಅವನಿಗೂ ನನ್ನ ಮಗಳಿಗೂ ಸೊಂಟಕ್ಕೆ ಬೆಂಡು ಕಟ್ಟಿ ಈಜು ಕಲಿಸ್ತಿದಾರೆ, ತಾವು ಸಣ್ಣೋರಿದ್ದಾಗ ಬಾವೀಲಿ ಕಲಿತಂಗೆ. ಅಜ್ಜಿ ಕಾಂಪೌಂಡ್ ಮೇಲಿಂದ ನೋಡ್ತಿರ್ತಾರೆ, ಏನೂ ಅನ್ನಲ್ಲ.

ಬಕೆಟನ್ನ ನಾನು ಯಾವಾಗ್ಲೋ ಎತ್ತಿಟ್ಟಿದ್ದೆ, ಮಾವಾರು ತಂದು ಮತ್ತೆ ಮೆಟ್ಟಿಲ ಮೇಲೆ ಇಟ್ಟಿದಾರೆ. ದಿನಾ ಬೆಳಿಗ್ಗೆ ಸ್ಕೇಲ್ ಹಿಡಿದು ಅಳೆದು ನಂಗೆ ಸ್ಕೂಲಿಗೆ ವಾಟ್ಸಾಪಲ್ಲಿ ಕಳಿಸ್ತಾರೆ, ಎರಡನೇ ಪಿರಿಯಡ್ ಹೊತ್ತಿಗೆ ಸರಿಯಾಗಿ. ಇವತ್ತಿಂದು: "ಬಕೆಟ್ 7, ತೊಟ್ಟಿ 7. ಬಿಸಿಲು ಭಾಳ ಐತೆ, ಛತ್ರಿ ಹಿಡ್ಕೊಂಡು ಬಾ."